ಸ್ಯಾಫ್ರನ್ ವಾಲ್ಡನ್ ಟ್ರೆಷರ್ ಹಂಟ್ ವಾಕ್: ಅತ್ತೆಯವರನ್ನೂ ಕರೆದುಕೊಂಡು ಹೋಗಬಹುದಾ?

ಇಲ್ಫರ್ಡ್_ಅಮ್ಮ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಅತ್ತೆ ಬಂದಿದ್ದಾರೆ. ಲಂಡನ್ನಿನ ಸೇತುವೆ, ಅರಮನೆ ಎಲ್ಲ ತೋರಿಸಿ ಆಯ್ತು. ಈಗ ಒಂದು ಹಳೇ ಪೇಟೆ ಊರು ತೋರಿಸಬೇಕು ಅಂತ ಆಸೆ. ಎಸೆಕ್ಸ್‌ನ ಸ್ಯಾಫ್ರನ್ ವಾಲ್ಡನ್‌ನಲ್ಲಿ ಸುಳಿವಿನ ಹಾಳೆ ಹಿಡಿದು ಊರು ಸುತ್ತುವ ಟ್ರೆಷರ್ ಹಂಟ್ ಚೆನ್ನಾಗಿರುತ್ತದೆ ಎಂದು ಮಗಳ ಗೆಳತಿಯ ಮನೆಯವರು ಹೇಳಿದರು. ನಮ್ಮ ಮಕ್ಕಳಿಗೆ 7 ಮತ್ತು 10 ವರ್ಷ, ಅವರಿಗಂತೂ ಖುಷಿಯಾಗುತ್ತದೆ. ನನ್ನ ಚಿಂತೆಯೆಲ್ಲ ಅತ್ತೆಯದು. ಮಂಡಿನೋವು ಇದೆ, ಇಂಗ್ಲಿಷ್ ಬರುವುದಿಲ್ಲ. ಅವರನ್ನು ಯಾವುದೋ ಬೆಂಚಿನ ಮೇಲೆ ಕೂರಿಸಿ ನಾವು ಓಡಾಡುವುದು ನನಗೆ ಇಷ್ಟವಿಲ್ಲ. ಹೋಗಿ ಬಂದವರು ಯಾರಾದರೂ ಇದ್ದೀರಾ? ಯಾವ ದಿನ ಹೋದರೆ ಒಳ್ಳೆಯದು?

ರೈಲು_ರಾಯರು

ಲಿವರ್‌ಪೂಲ್ ಸ್ಟ್ರೀಟ್‌ನಿಂದ ಕೇಂಬ್ರಿಡ್ಜ್ ಕಡೆ ಹೋಗುವ ರೈಲಿನಲ್ಲಿ ಆಡ್ಲಿ ಎಂಡ್ ಸ್ಟೇಷನ್‌ಗೆ ಇಳಿಯಿರಿ. ಊರೊಳಗೆ ರೈಲಿಲ್ಲ, ಅಲ್ಲಿದ್ದ ಸಣ್ಣ ಲೈನು 1964ರಲ್ಲೇ ನಿಂತುಹೋಯಿತು. ಸ್ಟೇಷನ್‌ನಿಂದ ಪೇಟೆಗೆ ಸುಮಾರು ಎರಡು ಮೈಲಿ. ಮಂಡಿನೋವಿನವರನ್ನು ನಡೆಸಬೇಡಿ, ಬಸ್ಸೋ ಟ್ಯಾಕ್ಸಿಯೋ ಹಿಡಿಯಿರಿ.

ವಾಲ್ಡನ್_ನೆರೆಯವನು

ಅಕ್ಕಾ, ಖಂಡಿತ ಹೋಗಿ. ನಾನು ಇದೇ ಸುತ್ತಮುತ್ತ ಇರುವವನು, ಊರಿಂದ ಯಾರೇ ಬಂದರೂ ಈ ಪೇಟೆಗೆ ಕರೆದುಕೊಂಡು ಹೋಗುತ್ತೇನೆ. ಒಂದೇ ಒಂದು ಮಾತು: ಅಂಗಡಿಯಲ್ಲಿ ಸಿಗುವ ಹಾಳೆ ಬಿಡಿ. ಸುಳಿವುಗಳನ್ನು ನೀವೇ ಕನ್ನಡದಲ್ಲಿ ಬರೆಯಿರಿ, ಹಾಳೆಯನ್ನು ಅತ್ತೆಯವರ ಕೈಗೆ ಕೊಡಿ.

ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಮಾತು ಬಂದರೂ ಓದು ಕಷ್ಟ, ಅಲ್ವಾ? ಮುಂದಿನ ಸುಳಿವು ಬೇಕೆಂದರೆ ಅಜ್ಜಿಯ ಹತ್ತಿರ ಬರಲೇಬೇಕು. ಅಜ್ಜಿ ಓದಬೇಕು, ಇವರು ಹುಡುಕಬೇಕು. ಅಜ್ಜಿ ನಡೆದಷ್ಟೇ ಬೇಗ ಆಟ ಸಾಗುತ್ತದೆ, ಯಾರೂ ಹಿಂದೆ ಉಳಿಯುವುದಿಲ್ಲ. ಸುಳಿವು ಒಗಟಿನ ಹಾಗಿದ್ದರೆ ಇನ್ನೂ ಚೆಂದ. ನಮ್ಮ ಕಡೆಯ ಅಜ್ಜಿಯಂದಿರಿಗೆ ಒಗಟು ಯಾರೂ ಹೇಳಿಕೊಡಬೇಕಾಗಿಲ್ಲ.

ಸಂತೆ ಮಂಗಳವಾರ ಮತ್ತು ಶನಿವಾರ. ಮಕ್ಕಳಿಗೆ ಶಾಲೆ ಇರುವುದರಿಂದ ಶನಿವಾರವೇ ಹೋಗಿ. ಸಂತೆ ಇಲ್ಲದ ದಿನ ಈ ಊರಿನ ಅರ್ಧ ಜೀವ ಕಾಣುವುದಿಲ್ಲ. 1141ರಲ್ಲಿ ಪಕ್ಕದ ನ್ಯೂಪೋರ್ಟ್‌ನಿಂದ ಸಂತೆಯನ್ನು ಇಲ್ಲಿಗೆ ತಂದರು, ಅಂದಿನಿಂದ ಇದು ಸಂತೆಯ ಊರು. ಚೌಕದಿಂದಲೇ ಶುರು ಮಾಡಿ. ಅಲ್ಲಿರುವ ಕಾರಂಜಿ 1863ರದ್ದು, ಯುವರಾಜ ಎಡ್ವರ್ಡ್ ಮದುವೆಯ ನೆನಪಿಗೆ ಇಟ್ಟದ್ದು. ಪಕ್ಕದ ಕಾರ್ನ್ ಎಕ್ಸ್‌ಚೇಂಜ್ ಒಂದು ಕಾಲಕ್ಕೆ ಧಾನ್ಯದ ವ್ಯಾಪಾರ ನಡೆಯುತ್ತಿದ್ದ ಕಟ್ಟಡ, ಈಗ ಲೈಬ್ರರಿ.

ಅಲ್ಲಿಂದ ಚರ್ಚ್ ಸ್ಟ್ರೀಟ್ ಮೂಲೆಯ ಓಲ್ಡ್ ಸನ್ ಇನ್. ಇಲ್ಲಿ ಸಮಯ ಕೊಡಿ. ಗೋಡೆಯ ಗಾರೆಯನ್ನೇ ಉಬ್ಬಿಸಿ ಹಕ್ಕಿ, ಬಳ್ಳಿ ಎಲ್ಲ ಮಾಡಿದ್ದಾರೆ. ದೊಡ್ಡ ಬಾಗಿಲಿನ ಮೇಲೆ ಇಬ್ಬರು ಎದುರುಬದುರು ನಿಂತಿದ್ದಾರೆ. ಒಬ್ಬ ಟಾಮ್ ಹಿಕ್ಕಾಥ್ರಿಫ್ಟ್, ಇನ್ನೊಬ್ಬ ವಿಸ್‌ಬೀಚ್‌ನ ರಾಕ್ಷಸ ಎಂದು ಊರಿನವರು ಹೇಳುತ್ತಾರೆ. ಟಾಮ್ ಬಿಯರ್ ಪೀಪಾಯಿಗಳ ಗಾಡಿ ಹೊಡೆಯುತ್ತಿದ್ದವನಂತೆ. ರಾಕ್ಷಸ ದಾರಿಗೆ ಅಡ್ಡ ಬಂದಾಗ ಗಾಡಿ ಮಗುಚಿ, ಚಕ್ರವನ್ನು ಗುರಾಣಿ ಮಾಡಿಕೊಂಡು, ಅಚ್ಚನ್ನು ಕಿತ್ತು ಹೊಡೆದನಂತೆ. ಈ ಕತೆಯನ್ನು ಅತ್ತೆಯವರಿಗೆ ಮೊದಲೇ ಹೇಳಿಡಿ, ಗೋಡೆಯ ಕೆಳಗೆ ನಿಂತು ಮಕ್ಕಳಿಗೆ ಅವರೇ ಹೇಳಲಿ. ಸುಳಿವು: "ಗಾಡಿಯ ಚಕ್ರ ಗುರಾಣಿ, ಗಾಡಿಯ ಅಚ್ಚು ಗದೆ. ತಲೆ ಎತ್ತು, ಇಸವಿ ಹೇಳು." ಉತ್ತರ 1676.

ಆಮೇಲೆ ಸೇಂಟ್ ಮೇರಿ ಚರ್ಚ್. ಗೋಪುರ 193 ಅಡಿ, ಎಲ್ಲಿ ನಿಂತರೂ ಕಾಣುತ್ತದೆ. ಮೇಲಿನ ಚೂಪು ಭಾಗ ಸೇರಿಸಿದ್ದು 1832ರಲ್ಲಿ. ಒಳಗೆ ಹೋದರೆ ಅತ್ತೆಯವರಿಗೆ ಕೂರಲು ಜಾಗವೂ ಉಂಟು. ಅಲ್ಲಿ ಹುಡುಕಬೇಕಾದದ್ದು ಕಲ್ಲಿನ ಕಮಾನಿನ ಮೇಲಿರುವ ಕೇಸರಿ ಹೂವು. 16, 17ನೇ ಶತಮಾನದಲ್ಲಿ ಸುತ್ತಲಿನ ಹೊಲಗಳಲ್ಲೆಲ್ಲ ಕೇಸರಿ ಬೆಳೆಯುತ್ತಿದ್ದರು. ಊರು ದುಡ್ಡು ಕಂಡದ್ದು ಅದರಿಂದ. ಒಂದು ಹೂವಿಗೆ ಮೂರೇ ಎಳೆ, ಒಂದು ಗ್ರಾಂಗೆ ಸುಮಾರು 150 ಹೂವು ಬೇಕು. ಅಡುಗೆಗೆ ಕೇಸರಿ ಬಳಸುವ ಹೆಂಗಸಿಗೆ ಆ ದುಡಿಮೆ ಎಂಥದ್ದು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಸುಳಿವು: "ನೀರು ಹಾಕಲಿಲ್ಲ, ಗೊಬ್ಬರ ಹಾಕಲಿಲ್ಲ, ಕಲ್ಲಲ್ಲಿ ಅರಳಿದ್ದು ಇನ್ನೂ ಬಾಡಲಿಲ್ಲ."

ಮ್ಯೂಸಿಯಂ ಪಕ್ಕದ ಕೋಟೆಗೆ ಹೆಚ್ಚು ಹೊತ್ತು ಬೇಡ. ಚಿತ್ರದುರ್ಗ ಕಂಡವರಿಗೆ ಅದು ಒಂದು ಮೋಟು ಗೋಡೆ, 12ನೇ ಶತಮಾನದ್ದು ಅಷ್ಟೆ.

ಕೊನೆಗೆ ಕಾಮನ್ ಎಂಬ ಬಯಲು. ಅಲ್ಲಿ ಹುಲ್ಲಿನಲ್ಲಿ ಕೊರೆದ ಸುತ್ತುದಾರಿ ಇದೆ. ಇಂಗ್ಲೆಂಡಿನಲ್ಲಿ ಉಳಿದಿರುವ ಇಂಥವುಗಳಲ್ಲಿ ಇದೇ ದೊಡ್ಡದು. 17 ಸುತ್ತು, ಸುಮಾರು ಒಂದು ಮೈಲಿ ದಾರಿ, ನೆಲಕ್ಕೆ ಇಟ್ಟಿಗೆ ಹಾಸಿದ್ದಾರೆ. 1699ರಲ್ಲೇ ಇದನ್ನು ಮತ್ತೆ ಕೆತ್ತಿಸಿದ ಲೆಕ್ಕ ಸಿಗುತ್ತದೆ. ಒಂದೇ ದಾರಿ, ಕವಲಿಲ್ಲ, ತಪ್ಪಿಹೋಗುವ ಭಯ ಇಲ್ಲ. ಮಕ್ಕಳು ಸುತ್ತಲಿ, ಸುತ್ತಿನ ಲೆಕ್ಕ ಸರಿಯೋ ತಪ್ಪೋ ಅಜ್ಜಿ ಹೇಳಲಿ.

ಹಾರ್ಲೋ_ಹುಡುಗಿ

ಸುತ್ತುದಾರಿ ಇಷ್ಟವಾದರೆ ಬ್ರಿಡ್ಜ್ ಎಂಡ್ ಗಾರ್ಡನ್ ಕೂಡ ನೋಡಿ. ಗಿಬ್ಸನ್ ಮನೆತನದವರು ಮಾಡಿದ ತೋಟ. ಅಲ್ಲಿನದು ಯೂ ಗಿಡದ ಬೇಲಿಯ ಚಕ್ರವ್ಯೂಹ, ದಾರಿ ನಿಜವಾಗಿಯೂ ತಪ್ಪುತ್ತದೆ. 7 ವರ್ಷದ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಇಲ್ಫರ್ಡ್_ಅಮ್ಮ

ತುಂಬಾ ಥ್ಯಾಂಕ್ಸ್! ಕನ್ನಡ ಸುಳಿವಿನ ವಿಷಯ ಅತ್ತೆಗೆ ಹೇಳಿದೆ. ಆಗಲೇ ಕನ್ನಡಕ ಹಾಕಿಕೊಂಡು ಬರೆಯಲು ಕೂತಿದ್ದಾರೆ. ಕಾರಂಜಿಗೆ ಅವರು ಬರೆದದ್ದು ಇದು: "ಮದುವೆ ಅರಮನೆಯಲ್ಲಿ, ಉಡುಗೊರೆ ಸಂತೆಯಲ್ಲಿ. ಬಾಯಿದೆ, ಮಾತಿಲ್ಲ." ನಡೆಯುತ್ತದಾ? ಮಕ್ಕಳಿಗೆ ನಿಧಿ ಅಂತ ಏನು ಕೊಡಲಿ?

ವಾಲ್ಡನ್_ನೆರೆಯವನು

ಒಗಟು ಸೊಗಸಾಗಿದೆ. ಚಿಕ್ಕವನಿಗೋಸ್ಕರ "ಬಾಯಲ್ಲಿ ನೀರು" ಅಂತ ಒಂದು ಮಾತು ಸೇರಿಸಲು ಹೇಳಿ. ನಿಧಿಯನ್ನು ಮೊದಲೇ ಕೊಂಡಿಡಬೇಡಿ. ಅತ್ತೆಯವರ ಕೈಗೆ ಐದು ಪೌಂಡ್ ಕೊಟ್ಟು ಬಿಡಿ, ಸಂತೆಯಲ್ಲಿ ಅವರೇ ಆರಿಸಲಿ. ಸಂತೆಯವರು ಮಧ್ಯಾಹ್ನದ ಮೇಲೆ ಗಂಟು ಕಟ್ಟುತ್ತಾರೆ, ಬೆಳಿಗ್ಗೆಯೇ ಹೊರಡಿ.