ಕಬ್ಬಿನ ಸಿಪ್ಪೆಯ ಇಂಗಾಲ ಬಳಿದ ಸತುವಿನ ಆನೋಡ್: ವೋಲ್ಟೇಜ್ ಒಮ್ಮೆಲೇ ಇಳಿದದ್ದೇಕೆ?

ಆಲೆಮನೆ_ಕಾರ್ಬನ್ (ಮಂಡ್ಯ):
ಎಂ.ಎಸ್‌ಸಿ. ಪ್ರಾಜೆಕ್ಟ್‌ಗಾಗಿ ನೀರಿನ ಎಲೆಕ್ಟ್ರೊಲೈಟ್ ಇರುವ ಸತು ಬ್ಯಾಟರಿ. ಆಲೆಮನೆಯ ಕಬ್ಬಿನ ಸಿಪ್ಪೆಯನ್ನು ಸಾರಜನಕದಲ್ಲಿ 800 ಡಿಗ್ರಿಗೆ ಕಾಯಿಸಿ ಪಡೆದ ಇಂಗಾಲ 90 ಪಾಲು, ಪಿವಿಡಿಎಫ್ (ಪುಡಿಯನ್ನು ಅಂಟಿಸುವ ಪಾಲಿಮರ್) 10 ಪಾಲು. 100 ಮೈಕ್ರಾನ್ ಸತು ಹಾಳೆಗೆ ಬಳಿದಿದೆ. 2 ಮೋಲಾರ್ ಜಿಂಕ್ ಸಲ್ಫೇಟ್, ಗ್ಲಾಸ್ ಫೈಬರ್ ಸೆಪರೇಟರ್ (ಎರಡು ಹಾಳೆಗಳು ಒಂದಕ್ಕೊಂದು ತಾಗದಂತೆ ತಡೆಯುವ ಪದರ), ಎರಡೂ ಬದಿಗೆ ಅದೇ ಹಾಳೆ. ಚದರ ಸೆಂ.ಮೀ.ಗೆ 1 ಮಿಲಿಆಂಪ್, ಒಂದೊಂದು ದಿಕ್ಕಿಗೆ ಒಂದೊಂದು ಗಂಟೆ. ಓವರ್‌ಪೊಟೆನ್ಷಿಯಲ್ (ಸತು ಕೂರಲು, ಬಿಡಲು ಬೇಕಾಗುವ ಹೆಚ್ಚುವರಿ ವೋಲ್ಟೇಜ್) 45 ಮಿಲಿವೋಲ್ಟ್‌ನಿಂದ ಒಮ್ಮೆಲೇ 12ಕ್ಕೆ ಇಳಿದು, ಈಗ ಅಲುಗಾಡದೆ ಓಡುತ್ತಿದೆ. ಬರೀ ಹಾಳೆಯ ಸೆಲ್ ಆಗಲೇ ನಿಂತಿದೆ. ಇದನ್ನು ಸುಧಾರಣೆ ಎಂದು ಬರೆಯಬಹುದೇ?

ಗಂಗೋತ್ರಿ_ಇಲೆಕ್ಟ್ರೊ (ಮೈಸೂರು):
ಸದ್ಯಕ್ಕೆ ಬರೆಯಬೇಡಿ. ಇದು ಬಹುಮಟ್ಟಿಗೆ ಸಾಫ್ಟ್ ಶಾರ್ಟ್‌ನ (ಸೆಲ್ ಒಳಗಿನ ಭಾಗಶಃ ಶಾರ್ಟ್ ಸರ್ಕ್ಯೂಟ್) ಲಕ್ಷಣ. ಡೆಂಡ್ರೈಟ್ (ಮುಳ್ಳಿನಂತೆ ಬೆಳೆಯುವ ಸತುವಿನ ಎಳೆ) ಸೆಪರೇಟರ್ ದಾಟಿ ಎದುರು ಬದಿ ಮುಟ್ಟಿದೆ. ಕರೆಂಟಿನ ಒಂದು ಪಾಲು ಅಯಾನುಗಳ ಬದಲು ಆ ಎಳೆಯಲ್ಲೇ ಹಾದುಹೋಗುತ್ತಿದೆ. ಹಾಗಾದಾಗ ಸೆಲ್ "ಸಾಯುವುದೇ" ಇಲ್ಲ, ಸಾವಿರಾರು ಗಂಟೆ ಓಡುತ್ತದೆ.

ಸೆಲ್ ಬಿಚ್ಚುವ ಮೊದಲು ಕರೆಂಟನ್ನು 1, 2, 5 ಮಿಲಿಆಂಪ್‌ಗೆ ಏರಿಸಿ ನೋಡಿ. ವೋಲ್ಟೇಜ್ 12, 24, 60 ಎಂದು ನೇರ ಗುಣಾಕಾರದಲ್ಲಿ ಏರಿದರೆ ಅದು ಬರೀ ರೆಸಿಸ್ಟರ್. ಸರಿಯಿರುವ ಸೆಲ್ ಹಾಗೆ ಏರುವುದಿಲ್ಲ, ವಕ್ರವಾಗಿ ಬಾಗುತ್ತದೆ. ಇಂಪಿಡೆನ್ಸ್ (ಬೇರೆ ಬೇರೆ ಆವರ್ತನದ ಎಸಿಗೆ ಸೆಲ್ ಒಡ್ಡುವ ತಡೆ) ತೆಗೆದರೆ ನಕ್ಷೆಯ ಅರ್ಧವೃತ್ತ ಕುಗ್ಗಿ ಕೆಲವೇ ಓಮ್‌ಗೆ ಬಂದಿರುತ್ತದೆ.

ಇನ್ನೊಂದು ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. ಸತುವಿನ ಸಾಮರ್ಥ್ಯ ಗ್ರಾಂಗೆ 820 ಮಿಲಿಆಂಪ್-ಅವರ್. 100 ಮೈಕ್ರಾನ್ ಹಾಳೆಯಲ್ಲಿ ಚದರ ಸೆಂ.ಮೀ.ಗೆ ಸುಮಾರು 58 ಮಿಲಿಆಂಪ್-ಅವರ್ ಇರುತ್ತದೆ. ನೀವು ಬಳಸುತ್ತಿರುವುದು 1, ಅಂದರೆ ಶೇ. 1.7. ಇಷ್ಟು ದಾಸ್ತಾನಿದ್ದರೆ ಯಾವ ಲೇಪನವೂ ಗೆದ್ದಂತೆ ಕಾಣುತ್ತದೆ. 20 ಮೈಕ್ರಾನ್ ಹಾಳೆಯಲ್ಲಿ ಚದರ ಸೆಂ.ಮೀ.ಗೆ 5 ಮಿಲಿಆಂಪ್-ಅವರ್ ಎಳೆದು ನೋಡಿ (ಶೇ. 43), ಆಗ ನಿಜ ಬಯಲಾಗುತ್ತದೆ. ಜೊತೆಗೆ ಸತು–ತಾಮ್ರ ಸೆಲ್‌ನಲ್ಲಿ ಕೂಲಾಂಬಿಕ್ ದಕ್ಷತೆ (ಕೂರಿಸಿದ ಸತುವಿನಲ್ಲಿ ಮರಳಿ ಸಿಗುವ ಪಾಲು) ಅಳೆಯಿರಿ, ಸತು ಬಿಡಿಸುವ ಮಿತಿ 0.5 ವೋಲ್ಟ್. ಹೆಚ್ಚುವರಿ ಸತು ಇಲ್ಲದಿದ್ದರೆ ಶೇ. 99 ದಕ್ಷತೆಯಲ್ಲಿ 100 ಸುತ್ತಿನ ಬಳಿಕ ಉಳಿಯುವುದು ಶೇ. 37 ಮಾತ್ರ, ಶೇ. 99.9 ಇದ್ದರೆ 90.

ಸತು_ಸಲ್ಫೇಟ್:
ಮೇಲಿನದಕ್ಕೆ ನನ್ನ ಸಹಮತ. ಲೇಪನದ ಬಗ್ಗೆ ಒಂದು ಮಾತು: ನಿಮ್ಮ ಇಂಗಾಲ ವಿದ್ಯುತ್ ಹಾಯಿಸುತ್ತದೆ. ಹಾಗಾಗಿ ಸತು ಲೇಪನದ ಅಡಿಯಲ್ಲಿ ಕೂರದೆ ಮೇಲ್ಮೈಯಲ್ಲೇ ಬೆಳೆಯಬಹುದು. ಬಿಚ್ಚಿದಾಗ ಹಾಳೆಯ ಅಡ್ಡಸೀಳು ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಲೇಬೇಕು. ಹೋಲಿಕೆಗೆ ಕರೆಂಟ್ ಹಾಯಿಸದ ಕಯೋಲಿನ್ (ಬಿಳಿ ಜೇಡಿಮಣ್ಣು) ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್ ಲೇಪನದ ಒಂದು ಹಾಳೆ ಮಾಡಿ. ಅಂಥ ರಂಧ್ರಭರಿತ ಪದರದಡಿಯಲ್ಲಿ ಸತು ಕೂರುತ್ತದೆ.

ಇಂಗಾಲವನ್ನು ಆಮ್ಲದಲ್ಲಿ ತೊಳೆದಿರಾ? ಸಿಪ್ಪೆಯ ಬೂದಿಯಲ್ಲಿ ಕಬ್ಬಿಣ ಇರುತ್ತದೆ, ಅದು ಹೈಡ್ರೋಜನ್ ಬಿಡುಗಡೆಗೆ ಒಳ್ಳೆಯ ದಾರಿ. 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ಕಲಕಿ, ಡಿಅಯನೈಸ್ಡ್ ನೀರಿನಲ್ಲಿ ಪಿಎಚ್ 7 ಬರುವವರೆಗೆ ತೊಳೆಯಿರಿ. ಸಿಲಿಕಾ ಇದಕ್ಕೆ ಕರಗದು, ಬಿಸಿ ಕಾಸ್ಟಿಕ್ ಸೋಡಾ ಬೇಕು.

ಆಲೆಮನೆ_ಕಾರ್ಬನ್ (ಮಂಡ್ಯ):
ಧನ್ಯವಾದ ಸರ್. ಆಮ್ಲದಲ್ಲಿ ತೊಳೆದಿಲ್ಲ, ಬರೀ ನೀರು. ಹಾಳೆಯ ಮೇಲೆ ಬಿಳಿ ಚಕ್ಕೆಗಳೂ ಇವೆ, ಅವು ಏನು?

ಸತು_ಸಲ್ಫೇಟ್:
ಹೆಚ್ಚಿನಂಶ ಜಿಂಕ್ ಹೈಡ್ರಾಕ್ಸೈಡ್ ಸಲ್ಫೇಟ್. ಹೈಡ್ರೋಜನ್ ಹೊರಟಲ್ಲಿ ಪಿಎಚ್ ಏರುತ್ತದೆ, ಅಲ್ಲೇ ಇದು ಗರಣೆಗಟ್ಟುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತೋರಿಸುವ ಎಕ್ಸ್-ಕಿರಣ ಪರೀಕ್ಷೆ) 8 ಡಿಗ್ರಿ ಆಸುಪಾಸು ಶಿಖರ ಬಂದರೆ ಖಾತ್ರಿ.

ಗಂಗೋತ್ರಿ_ಇಲೆಕ್ಟ್ರೊ (ಮೈಸೂರು):
ಎಕ್ಸ್‌ಆರ್‌ಡಿಗೆ ಕೊಟ್ಟರೆ 36.3 ಮತ್ತು 43.2 ಡಿಗ್ರಿ ಶಿಖರಗಳ ಅನುಪಾತವನ್ನೂ ನೋಡಿ. ಮೊದಲನೆಯದು (002) ಎಂಬ ಹರಳಿನ ತಲದ್ದು, ಅದು ಬಲವಾದಷ್ಟೂ ಸತು ಹಾಳೆಗೆ ಸಮಾನಾಂತರವಾಗಿ ಚಪ್ಪಟೆಯಾಗಿ ಕೂತಿದೆ ಎಂದರ್ಥ. ಮುಂದಿನ ಸೆಲ್‌ಗೆ ಹಾಳೆಯನ್ನು ಪಂಚ್ ಮಾಡಿದ ಮೇಲೆ ಅಂಚಿನ ಮುಳ್ಳನ್ನು ಒತ್ತಿ ಸಮ ಮಾಡಿಕೊಳ್ಳಿ. ಡೆಂಡ್ರೈಟ್ ಮೊದಲು ಹೊರಡುವುದು ಸಾಮಾನ್ಯವಾಗಿ ಅಲ್ಲಿಂದಲೇ. ಒಂದೇ ಬಗೆಯ ಸೆಲ್ ಕನಿಷ್ಠ ಮೂರಾದರೂ ಕಟ್ಟಿ.