ಸಹಾಯ ಬೇಕು: ಜರ್ಮನಿಗೆ ಹೊರಟ ಹಾಸನದ ಮಕ್ಕಳಿಗೆ ಮೊದಲ ತಿಂಗಳಿಗೆ ರೂಮು

ಎಲ್ಲರಿಗೂ ನಮಸ್ಕಾರ. ಹಾಸನ, ಬೇಲೂರು, ಸಕಲೇಶಪುರ ಕಡೆಯ ಕೆಲವರು ಓದಲು ಜರ್ಮನಿಗೆ ಹೊರಟಿದ್ದಾರೆ. ಎಪಿಎಸ್ ಸರ್ಟಿಫಿಕೇಟ್ (ಇಲ್ಲಿನ ಅಂಕಪಟ್ಟಿಗಳು ಅಸಲಿ ಎಂದು ಜರ್ಮನಿಯ ಕಡೆಯವರು ಪರಿಶೀಲಿಸಿ ಕೊಡುವ ಪತ್ರ) ಬಂದಿದೆ, ಬ್ಲಾಕ್ಡ್ ಅಕೌಂಟಿಗೆ (ವರ್ಷದ ಖರ್ಚನ್ನು ಮೊದಲೇ ಕಟ್ಟಿ, ಅಲ್ಲಿ ತಿಂಗಳು ತಿಂಗಳು ಪಡೆಯುವ ಖಾತೆ) 11,904 ಯೂರೋ ಕಟ್ಟಿದ್ದಾಗಿದೆ. ಸಿಗದೆ ಇರುವುದು ಮನೆ.

ಬರೀ ಮಲಗಲು ಜಾಗ ಸಿಕ್ಕರೆ ಸಾಲದು. ಅಲ್ಲಿ ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಹಾಸ್ಟೆಲ್, ದಿನಬಾಡಿಗೆ ರೂಮಿನವರು ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ನೋಂದಣಿ ಇಲ್ಲದಿದ್ದರೆ ಟ್ಯಾಕ್ಸ್ ನಂಬರ್ ಬರುವುದಿಲ್ಲ, ಎಷ್ಟೋ ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ. ಆ ಖಾತೆ ಇಲ್ಲದೆ ಬ್ಲಾಕ್ಡ್ ಅಕೌಂಟಿನಿಂದ ತಿಂಗಳ 992 ಯೂರೋ ಬಿಡುಗಡೆಯಾಗುವುದಿಲ್ಲ. ದುಡ್ಡಿದ್ದೂ ಕೈ ಖಾಲಿ! ಅದಕ್ಕೇ ಒಂದೂವರೆ ತಿಂಗಳ ಖರ್ಚನ್ನು ಫಾರೆಕ್ಸ್ ಕಾರ್ಡಿನಲ್ಲಿ (ಇಲ್ಲಿಂದಲೇ ದುಡ್ಡು ತುಂಬಿಸಿ ವಿದೇಶದಲ್ಲಿ ಬಳಸುವ ಕಾರ್ಡು) ಬೇರೆಯಾಗಿ ಇಡಲು ಹೇಳಿದ್ದೇವೆ.

ಅಲ್ಲಿರುವ ನಮ್ಮೂರಿನವರು ಆ ಪತ್ರ ಕೊಡುವ ರೂಮು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ವಾಸವಿಲ್ಲದೆ ಬರೀ ವಿಳಾಸ ಕೊಡುವುದು ಬೇಡ, ಅದು ಕಾನೂನಿಗೆ ವಿರುದ್ಧ. ಮನೆ ನೋಡುವ ಮುಂಚೆಯೇ ಅಡ್ವಾನ್ಸ್ ಕೇಳುವವರ ನಂಬರೂ ಬೇಡ.

ಇನ್ನೊಂದು, ಇಲ್ಲೇ ಇರುವವರಿಗೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿದ ಹೆಸರು ಇರುವವರು ಇಬ್ಬರಿದ್ದಾರೆ. ಎರಡೂ ಒಬ್ಬರದೇ ಎಂದು ಅಫಿಡವಿಟ್ ಬರೆದುಕೊಡುವ ನೋಟರಿ ಹಾಸನದಲ್ಲಿ ಯಾರಾದರೂ ಇದ್ದಾರಾ?

ಅಮ್ಮಂದಿರಲ್ಲಿ ಒಂದು ವಿನಂತಿ: ಬೆಣ್ಣೆ ಕಾಯಿಸಿದ ತುಪ್ಪ ಕಟ್ಟಬೇಡಿ. ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ಒಯ್ಯುವಂತಿಲ್ಲ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ. ಚಟ್ನಿಪುಡಿ, ಕಾಫಿಪುಡಿ ಇರಲಿ.