ಎಂಟನೇ ಕ್ಲಾಸಿನ ಲೆಕ್ಕ ಕೈಕೊಟ್ಟರೆ: ಮಾಸ್ಟ್ರಲ್ಲಿ ಕೇಳಿ

ಪ್ರಶ್ನೆ (ಒಬ್ಬರು ತಾಯಿ, ಬದಿಯಡ್ಕ): ಮಾಸ್ಟ್ರೇ, ಮಗ ಕನ್ನಡ ಮಾಧ್ಯಮದಲ್ಲಿ 8ನೇ ಕ್ಲಾಸು. ಏಳರವರೆಗೆ ಗಣಿತದಲ್ಲಿ ತೊಂದರೆ ಇರಲಿಲ್ಲ. ಹೈಸ್ಕೂಲಿಗೆ ಹೋದ ಮೇಲೆ ಓಣಂ ಪರೀಕ್ಷೆಯಲ್ಲಿ 40ಕ್ಕೆ 11. ಸಮೀಕರಣ ಅಂದರೆ ಪುಸ್ತಕ ಮುಚ್ಚುತ್ತಾನೆ. ಟ್ಯೂಷನಿಗೆ ಹಾಕಬೇಕಾ, ಮನೆಯಲ್ಲೇ ಏನಾದರೂ ಮಾಡಬಹುದಾ? ಈಗ ಎಂಟರಲ್ಲೂ ಪಾಸಾಗಬೇಕಂತೆ, ಹೌದಾ?

ಉತ್ತರ (ಹೈಸ್ಕೂಲ್ ಗಣಿತ ಶಿಕ್ಷಕರು): ಹೌದು. ಕೇರಳದಲ್ಲಿ 2024–25ರಿಂದ 8ನೇ ತರಗತಿಯ ವಾರ್ಷಿಕ ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ 30 ಶೇಕಡಾ ಬೇಕು. 40 ಅಂಕದ ಪತ್ರಿಕೆಯಾದರೆ 12. ಸಿಗದವರಿಗೆ ಹೆಚ್ಚುವರಿ ಕ್ಲಾಸು ಕೊಟ್ಟು ಪುನಃ ಪರೀಕ್ಷೆ ಮಾಡ್ತಾರೆ. ಅದಕ್ಕೆ ಹೆದರುವುದು ಬೇಡ.

ಟ್ಯೂಷನಿಗೆ ಹಾಕುವ ಮೊದಲು ಆ ಉತ್ತರಪತ್ರಿಕೆ ತೆಗೆದು ಕೂತುಕೊಳ್ಳಿ. ಅಂಕ ನೋಡಬೇಡಿ, ತಪ್ಪು ನೋಡಿ. ಎಂಟರ ಸಮೀಕರಣದಲ್ಲಿ ಬೀಳುವ ಮಕ್ಕಳಲ್ಲಿ ಹೆಚ್ಚಿನವರಿಗೆ ನಿಜವಾಗಿ ಬಾರದೆ ಇರುವುದು ಐದು, ಆರು, ಏಳರ ಪಾಠ. ಟ್ಯೂಷನ್‌ನಲ್ಲಿ ಎಂಟರ ಪಾಠವನ್ನೇ ಇನ್ನೊಮ್ಮೆ ಹೇಳಿದರೆ ಫೀಸು ಹೋಗ್ತದೆ, ತಪ್ಪು ಅಲ್ಲೇ ಉಳಿಯುತ್ತದೆ.

ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಹೊತ್ತಿನ ಮಿತಿ ಇಡದೆ, ಅವನಿಂದ ಮಾಡಿಸಿ:

½ + ⅓
−7 + 3
−4 − 5
0.4, 0.35 ಇವುಗಳಲ್ಲಿ ದೊಡ್ಡದು ಯಾವುದು
x = 5 ಆದರೆ 3x ಎಷ್ಟು
3(x + 4) ಬಿಡಿಸು
2x + 3 ಇದನ್ನು ಇನ್ನೂ ಚಿಕ್ಕದು ಮಾಡಬಹುದೇ
3x + 5 = 20

½ + ⅓ಕ್ಕೆ ⅖ ಬರೆದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾನೆ. ಬೈಯಬೇಡಿ. "⅖ ಅರ್ಧಕ್ಕಿಂತ ಹೆಚ್ಚಾ ಕಡಿಮೆಯಾ?" ಅಂತ ಮಾತ್ರ ಕೇಳಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದಾಗ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ ಅಂತ ಅವನಿಗೇ ತಲೆಗೆ ಹೋಗಬೇಕು. ಆಮೇಲೆ ಚೌಕುಳಿ ಪುಸ್ತಕದಲ್ಲಿ 6 ಮನೆಯ ಪಟ್ಟಿ ಎಳೆದು 3 ಮನೆ, ಮತ್ತೆ 2 ಮನೆ ಬಣ್ಣ ಹಾಕಲಿ. ⅚ ಕಣ್ಣಿಗೇ ಕಾಣ್ತದೆ. ಲ.ಸಾ.ಅ. ವಿಧಾನ ಇದರ ನಂತರ.

−7 + 3ಕ್ಕೆ −10 ಅಂದರೆ ಋಣ ಸಂಖ್ಯೆಯ ತೊಂದರೆ. ಅಡ್ಡ ಸಂಖ್ಯಾರೇಖೆ ಹಿಡಿಸದಿದ್ದರೆ ಉದ್ದಕ್ಕೆ ಎಳೆಯಿರಿ. ಬಾವಿಯಲ್ಲಿ ನೆಲಮಟ್ಟ ಸೊನ್ನೆ, ನೀರು 7 ಅಡಿ ಕೆಳಗೆ, 3 ಅಡಿ ಮೇಲೆ ಬಂತು: −4. "ಮೈನಸ್ ಮೈನಸ್ ಪ್ಲಸ್" ಎಂಬ ಬಾಯಿಪಾಠ ಇಲ್ಲಿ ದೊಡ್ಡ ಶತ್ರು. ಅದು ಗುಣಾಕಾರ, ಭಾಗಾಕಾರದ ನಿಯಮ. ಮಕ್ಕಳು ಅದನ್ನು −4 − 5ಕ್ಕೂ ಹಾಕಿ +9 ಬರೀತಾರೆ.

3xಗೆ 35 ಅಂತ ಬರೆದರೆ ಗುಣಾಕಾರದ ಚಿಹ್ನೆ ಅಲ್ಲಿ ಅಡಗಿದೆ ಅಂತ ಗೊತ್ತಿಲ್ಲ. ಎರಡು ವಾರ 3 × x ಅಂತಲೇ ಬರೆಯಲಿ. 3(x + 4)ಕ್ಕೆ 3x + 4 ಅಂದರೆ ಆವರಣದ ಒಳಗಿನ ಎರಡನೇ ಪದಕ್ಕೆ 3 ಮುಟ್ಟಲಿಲ್ಲ. ಸರಿ ಉತ್ತರ 3x + 12. ಇನ್ನು 2x + 3ನ್ನು 5x ಮಾಡಿದರೆ xಗೆ 10 ಹಾಕಿಸಿ: ಒಂದು 23, ಇನ್ನೊಂದು 50. ಬೀಜಗಣಿತದ ಯಾವ ಸಂಶಯಕ್ಕೂ ಸಂಖ್ಯೆ ಹಾಕಿ ನೋಡುವುದೇ ಮೊದಲ ಮದ್ದು.

ಅದೇ ತಾಯಿ: ಕೊನೆಯದರಲ್ಲಿ 3x = 15 ವರೆಗೆ ಸರಿ ಬಂತು. ಆಮೇಲೆ x = 12 ಬರೆದ. "ಆಚೆ ಹೋದರೆ ಚಿಹ್ನೆ ಬದಲು" ಅಂತಾನೆ.

ಉತ್ತರ: ಅದೇ ನಿಯಮ ಅವನನ್ನು ಕೆಡಿಸಿದ್ದು. 3ನ್ನು ಆಚೆ ದಾಟಿಸಿ 15 − 3 ಮಾಡಿದ್ದಾನೆ. ಕೆಲವರು 15ನ್ನು −3ರಿಂದ ಭಾಗಿಸಿ −5 ತರ್ತಾರೆ. ಮೂರು ತಿಂಗಳು "ಆಚೆ ಹಾಕು" ಎಂಬ ಮಾತೇ ಮನೆಯಲ್ಲಿ ಬೇಡ. ಹೀಗೆ ಬರೆಯಲಿ:

3x + 5 = 20
ಎರಡೂ ಕಡೆ 5 ಕಳೆ: 3x = 15
ಎರಡೂ ಕಡೆ 3ರಿಂದ ಭಾಗಿಸು: x = 5
ತಾಳೆ: 3 × 5 + 5 = 20

ತಾಳೆಯ ಸಾಲು ಬಿಡಲೇಬಾರದು. 12 ಹಾಕಿದ್ದರೆ 41 ಬಂದು ಅಲ್ಲೇ ಸಿಕ್ಕಿಬೀಳುತ್ತಿತ್ತು. ಒಂದು ಸಾಲಿಗೆ ಒಂದೇ ಸಮಚಿಹ್ನೆ, ಅದೂ ಒಂದರ ಕೆಳಗೆ ಒಂದು. 3 + 4 = 7 × 2 = 14 ಅಂತ ಸರ ಪೋಣಿಸುವ ಅಭ್ಯಾಸ ಇದ್ದರೆ ನಿಲ್ಲಿಸಿ, 3 + 4 ಮತ್ತು 14 ಸಮ ಅಲ್ಲವಲ್ಲ.

ಪ್ರಶ್ನೆ (ಒಬ್ಬರು ತಂದೆ, ಮಂಜೇಶ್ವರ): ಮಗಳಿಗೆ ಲೆಕ್ಕ ಬರ್ತದೆ, ವಾಕ್ಯದಲ್ಲಿ ಕೊಟ್ಟರೆ ಬರೂದಿಲ್ಲ. ಮತ್ತೆ ಮಗ್ಗಿ 20ರವರೆಗೆ ಕಲಿಸಬೇಕಾ?

ಉತ್ತರ (ಯು.ಪಿ., ಅಂದರೆ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್): ಮಗ್ಗಿಯ ವಿಷಯ ಮೊದಲು ಮುಗಿಸ್ತೇನೆ. 20ರವರೆಗೆ ಬಂದರೆ ಸಂತೋಷ, ಆದರೆ ಎಂಟರಲ್ಲಿ ಕೈಕೊಡುವುದು 6ರಿಂದ 9ರ ನಡುವಿನ 10 ಗುಣಲಬ್ಧಗಳು: 6×6, 6×7, 6×8, 6×9, 7×7, 7×8, 7×9, 8×8, 8×9, 9×9. ಇವನ್ನು ಹಿಮ್ಮುಖವಾಗಿಯೂ ಕೇಳಿ: "56 ಯಾವುದರ ಗುಣಲಬ್ಧ?" ಭಿನ್ನರಾಶಿ ಸಂಕ್ಷೇಪಿಸಲಿಕ್ಕೆ, ಅಪವರ್ತಿಸಲಿಕ್ಕೆ ಬೇಕಾದ್ದು ಈ ಹಿಮ್ಮುಖದ ಮಗ್ಗಿಯೇ.

ವಾಕ್ಯದ ಲೆಕ್ಕಕ್ಕೆ ಒಂದು ಉದಾಹರಣೆ: ಅಕ್ಕನಿಗೆ ತಮ್ಮನಿಗಿಂತ 4 ವರ್ಷ ಹೆಚ್ಚು, ಇಬ್ಬರ ವಯಸ್ಸಿನ ಮೊತ್ತ 26. ಅವಸರದ ಮಕ್ಕಳು 26ನ್ನು ಎರಡು ಪಾಲು ಮಾಡಿ 13, 17 ಅಂತಾರೆ. ಕೂಡಿಸಿದರೆ 30, ತಾಳೆ ಆಗುವುದಿಲ್ಲ. ಮೊದಲು "ತಮ್ಮನ ವಯಸ್ಸು x" ಅಂತ ವಾಕ್ಯದಲ್ಲಿ ಬರೆಸಿ. ಬರೀ x ಅಲ್ಲ, ಯಾವುದರ x ಅಂತ. ಅಕ್ಕ x + 4. ಮೊತ್ತ 2x + 4 = 26, x = 11. ತಮ್ಮ 11, ಅಕ್ಕ 15.

ಕಳೆಯುವ ವಾಕ್ಯದಲ್ಲಿ ಜಾಗ್ರತೆ. "5ನ್ನು xನಿಂದ ಕಳೆ" ಅಂದಾಗ 5 ಮೊದಲು ಕಿವಿಗೆ ಬೀಳ್ತದೆ, ಮಗು 5 − x ಬರೀತದೆ. ಬೇಕಾದ್ದು x − 5. ಮೊದಲು xನ ಜಾಗದಲ್ಲಿ 20 ಇಟ್ಟು ಹೇಳಿಸಿ: "20ರಿಂದ 5 ಕಳೆ." ಆಮೇಲೆ 20 ಅಳಿಸಿ x ಬರೆಯಲಿ.

ಪ್ರಶ್ನೆ (ಕುಂಬಳೆ): ದಿನಕ್ಕೆ ಎಷ್ಟು ಹೊತ್ತು? ಟ್ಯೂಷನ್ ಟೀಚರ್ ಮಲಯಾಳದವರು, ತೊಂದರೆ ಆಗ್ತದಾ?

ಉತ್ತರ (ಹೈಸ್ಕೂಲ್ ಶಿಕ್ಷಕರು): 25 ನಿಮಿಷ ಸಾಕು, ಆದರೆ ವಾರಕ್ಕೆ ಐದು ದಿನ. ಮೊದಲ 5 ನಿಮಿಷ ಹಳೆಯ ಪಾಠಗಳ ನಾಲ್ಕು ಲೆಕ್ಕ, ಕಲಸಿ ಕೊಡಿ. ಒಂದೇ ತರದ 20 ಲೆಕ್ಕ ಸಾಲಾಗಿ ಮಾಡಿಸಿದರೆ ಮೂರನೆಯದರಿಂದ ಮುಂದೆ ಕೈ ಮಾತ್ರ ಓಡ್ತದೆ, ಯಾವ ವಿಧಾನ ಅಂತ ಆರಿಸುವ ಕೆಲಸವೇ ಇಲ್ಲ. ಪರೀಕ್ಷೆಯಲ್ಲಿ ಬೇಕಾದ್ದು ಆರಿಸುವುದು. 15 ನಿಮಿಷ ಒಂದು ದೋಷದ ಮೇಲೆ ಮಾತ್ರ. ಕೊನೆಗೆ ನಿನ್ನೆಯ ತಪ್ಪು ಲೆಕ್ಕವನ್ನು ಹಳೆ ಪುಟ ನೋಡದೆ ಪುನಃ ಮಾಡಲಿ. 5ರಿಂದ 7ರ ಪುಸ್ತಕ ಮನೆಯಲ್ಲಿ ಇಲ್ಲದಿದ್ದರೆ ಎಸ್‌ಸಿಇಆರ್‌ಟಿ ಕೇರಳದ ಜಾಲತಾಣದಲ್ಲಿ ಕನ್ನಡ ಮಾಧ್ಯಮದ್ದು ಪಿಡಿಎಫ್ ಸಿಗ್ತದೆ.

ಮಲಯಾಳದಲ್ಲಿ ಹೇಳಿಕೊಟ್ಟರೆ ತೊಂದರೆ ಇಲ್ಲ, ಲೆಕ್ಕ ಮಾತ್ರ ಶಾಲೆಯ ಕನ್ನಡ ಪುಸ್ತಕದಿಂದಲೇ ಮಾಡಿಸಲಿ. ಪರೀಕ್ಷೆಯ ವಾಕ್ಯ ಬರುವುದು ಕನ್ನಡದಲ್ಲಿ.

ಅದೇ ಕುಂಬಳೆಯವರು: ತ್ರಿಕೋನ ರಚನೆಯಲ್ಲಿ ಪ್ರತಿಸಲ ಅಳತೆ ತಪ್ಪುತ್ತದೆ.

ಉತ್ತರ (ಟೀಚರ್): ಮೊದಲು ಕೈವಾರದ ಸ್ಕ್ರೂ ಬಿಗಿ ಮಾಡಿ. ಕಂಸ ಎಳೆಯುವಾಗ ಕಾಲು ಅಗಲವಾದರೆ 5 ಸೆ.ಮೀ. ಬಾಹು 5.3 ಆಗ್ತದೆ. ಪೆನ್ಸಿಲಿನ ಮುಳ್ಳು ಚೂಪಾಗಿರಲಿ, ಸ್ಕೇಲಿನ ತುದಿಯಿಂದ ಅಲ್ಲ, 0 ಗೆರೆಯಿಂದ ಅಳೆಯಲಿ. ಇಷ್ಟಾದ ಮೇಲೂ ತಪ್ಪಿದರೆ ಫೋಟೋ ಹಾಕಿ.